ಕಿರುಯಂತ್ರಗಳ ಸಹವಾಸ

ಮಲೆನಾಡಿನ ಮಳೆಗಾಲ ಕಬ್ಬಿಣಕ್ಕೆ ಹಗೆ. ಆಷಾಢ ಶ್ರಾವಣಗಳಲ್ಲಿ ಸೊರಬದ ಕಡೆ ಗೋಡೆಗಳು ಬೆವರಿ, ಪುಸ್ತಕದ ರಟ್ಟುಗಳಿಗೆ ಬೂಷ್ಟು ಹತ್ತಿ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಕತ್ತರಿಗೂ ತುಕ್ಕಿನ ಚುಕ್ಕೆಗಳು ಮೂಡುವಾಗ, ಅಟ್ಟದ ಮೇಲೆ ದಶಕಗಟ್ಟಲೆ ಉಪೇಕ್ಷಿತವಾಗಿ ಬಿದ್ದಿರುವ ಬೆರಳಚ್ಚು ಯಂತ್ರವೊಂದರ ಸ್ಥಿತಿ ಏನಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೂ ಅಂತಹ ಯಂತ್ರದ ಪೆಟ್ಟಿಗೆಯ ಕೊಂಡಿಯನ್ನು ಸಡಿಲಿಸಿ, ಮುಚ್ಚಳವನ್ನೆತ್ತಿ, ಹಳೆಯ ಎಣ್ಣೆ, ಮಸಿ, ಇಲಿ ಕಡಿದ ಕಾಗದ ಇವುಗಳ ಮಿಶ್ರಗಂಧವನ್ನು ಮೊದಲ ಸಲ ಉಸಿರಿಗೆಳೆದುಕೊಳ್ಳುವಾಗ ನನಗಾಗುವಷ್ಟು ಸಂತೋಷ ಹೊಸ ವಸ್ತು ಯಾವುದನ್ನು ಕೊಂಡಾಗಲೂ ಆದದ್ದಿಲ್ಲ.

ಶಿಕಾರಿಪುರ, ಸೊರಬ ಇವು ತಾಲ್ಲೂಕು ಕೇಂದ್ರಗಳು. ಕಚೇರಿ, ನ್ಯಾಯಾಲಯ, ನೋಂದಣಿ, ಇವುಗಳ ಸುತ್ತ ಬೆಳೆದ ಪೇಟೆಗಳು. ಇಂತಹ ಊರುಗಳಲ್ಲಿ ಟೈಪ್‌ರೈಟರು ಕವಿಗಳ ಮೇಜಿನ ಅಲಂಕಾರವಾಗಿ ಬಂದುದಲ್ಲ, ಕಚೇರಿಯ ಜಗುಲಿಯಲ್ಲಿ ಚಾಪೆಯ ಮೇಲೋ ಹಲಗೆಯ ಮೇಲೋ ಕುಳಿತ ಪತ್ರಬರಹಗಾರರ ಜೀವನಾಧಾರವಾಗಿ ಬಂದದ್ದು. ನೆರೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಎಬ್ಬಿಸಿದ ಪ್ರಶ್ನೆಗೆ ಉತ್ತರರೂಪವಾಗಿ, 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಭೂನ್ಯಾಯಮಂಡಳಿಯ ಮೆಟ್ಟಿಲೇರತೊಡಗಿದಾಗ, ಅವರ ಹೇಳಿಕೆಗಳೂ ಒಡೆಯರ ತಕರಾರುಗಳೂ ಒಂದೇ ಯಂತ್ರದಿಂದ, ಒಂದೇ ರಿಬ್ಬನ್ನಿನ ಮಸಿಯಿಂದ ಹೊರಬಿದ್ದುದುಂಟು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಗದ್ದೆಯೇ ತಪ್ಪಿಹೋಗುವ ಕಾಲವದು, ಆದ್ದರಿಂದ ಅಂಕಿಗಳನ್ನು ಹೊಡೆಯುವಾಗ ಮಾತ್ರ ತಾವು ಯಾರೊಡನೆಯೂ ಮಾತನಾಡುತ್ತಿರಲಿಲ್ಲವೆಂದು ಸೊರಬದ ಒಬ್ಬ ವೃದ್ಧ ಬರಹಗಾರರು ನನಗೆ ಹೇಳಿದರು. ಅವರ ಯಂತ್ರ ನನ್ನ ಬಳಿಗೆ ಬಂದಾಗ ಅದರ ಅಂತರಪಟ್ಟಿಯ ಬಲಭಾಗ, ಹೆಬ್ಬೆರಳು ಬೀಳುವ ಆ ಒಂದೇ ಸ್ಥಳದಲ್ಲಿ, ಬಣ್ಣವೆಲ್ಲ ಸವೆದು ನುಣುಪಾಗಿ ಹೊಳೆಯುತ್ತಿತ್ತು.

ನನ್ನ ಪ್ರೀತಿ ವಿಶೇಷವಾಗಿ ಕೈಪೆಟ್ಟಿಗೆಯ ಯಂತ್ರಗಳ ಮೇಲೆ. ಕಚೇರಿಯ ದೊಡ್ಡ ಯಂತ್ರದ ಸರ್ವಾಂಗಗಳನ್ನೂ ಒಬ್ಬನು ಒಂದು ಕೈಯಲ್ಲಿ ಹಿಡಿದು ಬಸ್ಸು ಹತ್ತುವಷ್ಟು ಸಂಕ್ಷಿಪ್ತಗೊಳಿಸಬೇಕಾದಾಗ ಶಿಲ್ಪಿಯ ಬುದ್ಧಿ ಎಷ್ಟು ಸೂಕ್ಷ್ಮವಾಗಬೇಕಾಯಿತೆಂಬುದು ಇವುಗಳನ್ನು ಬಿಚ್ಚಿದವರಿಗೇ ಗೊತ್ತು. 1912ರಲ್ಲಿ ಬಂದ ಕರೋನಾದ ಕ್ಯಾರೇಜು ಕೀಲಿಮಣೆಯ ಮೇಲಕ್ಕೇ ಮಡಚಿಕೊಳ್ಳುತ್ತದೆ. 1920ರ ರೆಮಿಂಗ್ಟನ್ ಪೋರ್ಟಬಲ್ಲಿನಲ್ಲಿ ಅಕ್ಷರದ ಕಡ್ಡಿಗಳು ಚಪ್ಪಟೆಯಾಗಿ ಮಲಗಿದ್ದು, ಪಕ್ಕದ ಒಂದು ಗುಬುಟನ್ನು ಎಳೆದಾಗ ಒಟ್ಟಿಗೇ ಮೇಲೇಳುತ್ತವೆ. ಸ್ವಿಟ್ಜರ್ಲೆಂಡಿನ ಪೈಯಾರ್ ಸಂಸ್ಥೆ 1935ರಲ್ಲಿ ಹೊರತಂದ ಹರ್ಮಿಸ್ ಬೇಬಿಯಂತೂ ಒಂದು ದಪ್ಪ ನಿಘಂಟಿನ ಎತ್ತರವನ್ನೂ ಮೀರದು. ಶಿಕಾರಿಪುರದ ವಕೀಲರೊಬ್ಬರ ಮನೆಯಿಂದ ಬಂದ ರೆಮಿಂಗ್ಟನ್ನೂ, ಮುಂಬಯಿಯಲ್ಲಿ ನೌಕರಿ ಮಾಡಿ ಊರಿಗೆ ಮರಳಿದ ಸೊರಬದ ಗೃಹಸ್ಥರೊಬ್ಬರ ಹರ್ಮಿಸ್ಸೂ ನನ್ನ ಸಂಗ್ರಹದ ಹಿರಿಯರು. ನಮ್ಮ ದೇಶದಲ್ಲಿ ಗೋದ್ರೆಜ್ ಸಂಸ್ಥೆ 1955ರಲ್ಲಿ ಸ್ವದೇಶಿ ಟೈಪ್‌ರೈಟರನ್ನು ತಯಾರಿಸಿದ್ದು ಅಭಿಮಾನದ ಸಂಗತಿಯೇ. ಆದರೆ ಅವು ಗಾತ್ರದಲ್ಲಿಯೂ ಸ್ವಭಾವದಲ್ಲಿಯೂ ಕಚೇರಿಯವು, ನನ್ನ ಕಪಾಟಿಗೆ ಒಗ್ಗುವುವಲ್ಲ.

ಈ ಯಂತ್ರದಲ್ಲಿ ನನ್ನನ್ನು ಸೆರೆಹಿಡಿದ ಗುಣವೆಂದರೆ, ಇದರಲ್ಲಿ ಯಾವುದೂ ಮರೆಯಲ್ಲಿಲ್ಲ. ಬೆರಳು ಕೀಲಿಯನ್ನೊತ್ತಿದೊಡನೆ ಸನ್ನೆಗೋಲೊಂದು ಇನ್ನೊಂದನ್ನೆಳೆದು, ಬೀಸಣಿಗೆಯ ಕಡ್ಡಿಗಳಂತೆ ಅರ್ಧಚಂದ್ರಾಕಾರವಾಗಿ ಜೋಡಿಸಿದ ಕಡ್ಡಿಗಳಲ್ಲೊಂದು ಎದ್ದು, ಅದೇ ಕ್ಷಣಕ್ಕೆ ರಿಬ್ಬನ್ನೂ ಮೇಲೇರಿ, ಅಚ್ಚು ಕಾಗದಕ್ಕೆ ತಗಲಿ ಹಿಂದಕ್ಕೆ ಬೀಳುವಷ್ಟರಲ್ಲಿ, ಸ್ಪ್ರಿಂಗಿನ ಸೆಳೆತಕ್ಕೊಳಗಾಗಿ ಸದಾ ಎಡಕ್ಕೋಡಲು ಹವಣಿಸುವ ಕ್ಯಾರೇಜನ್ನು ತಡೆಹಿಡಿದಿದ್ದ ಹಲ್ಲಿನ ಚಕ್ರವು ಒಂದೇ ಒಂದು ಹಲ್ಲಿನಷ್ಟು ಬಿಟ್ಟುಕೊಟ್ಟು ಮತ್ತೆ ಹಿಡಿದುಕೊಳ್ಳುತ್ತದೆ. ಕಾರಣ ಕಾರ್ಯಗಳ ಈ ಪರಂಪರೆಯನ್ನು ಆದ್ಯಂತವಾಗಿ ಕಣ್ಣಿನಿಂದ ನೋಡಬಹುದು. ಆದ್ದರಿಂದಲೇ ಕೆಟ್ಟಾಗ ಎಲ್ಲಿ ಕೆಟ್ಟಿತೆಂಬುದನ್ನೂ ತಾಳ್ಮೆಯುಳ್ಳವನು ತಾನೇ ಕಂಡುಹಿಡಿಯಬಲ್ಲ. ಕ್ಯಾರೇಜು ನಿಶ್ಚೇಷ್ಟಿತವಾಗಿದ್ದರೆ ಬಹುಮಟ್ಟಿಗೆ ಅದನ್ನೆಳೆಯುವ ದಾರ ಕಡಿದಿರುತ್ತದೆ. ಮೀನು ಹಿಡಿಯುವ ಗಟ್ಟಿ ನೂಲು ಅದಕ್ಕೆ ಉತ್ತಮ ಪ್ರತಿನಿಧಿ. ಅಕ್ಷರಗಳು ಮಂಕಾಗಿ ಬಿದ್ದರೆ ರೋಲರಿನ ರಬ್ಬರು ಕಲ್ಲಾಗಿರಬಹುದು. ಕಡ್ಡಿಗಳು ಎದ್ದು ಹಿಂದಿರುಗದೆ ನಿಂತರೆ ಅವು ಕುಳಿತ ಸೀಳುಗಳಲ್ಲಿ ಹಳೆಯ ಎಣ್ಣೆ ಧೂಳನ್ನು ಕೂಡಿಕೊಂಡು ಅಂಟಾಗಿದೆಯೆಂದೇ ತಿಳಿಯಬೇಕು. ಇಲ್ಲಿ ಅನೇಕರು ಇನ್ನಷ್ಟು ಎಣ್ಣೆ ಬಿಡುತ್ತಾರೆ. ಆ ಎಣ್ಣೆಯೇ ಮುಂದಿನ ಮಳೆಗಾಲಕ್ಕೆ ಅಂಟಾಗಿ ಯಂತ್ರವನ್ನು ಮತ್ತೆ ಬಂಧಿಸುತ್ತದೆ. ಸೀಳುಗಳಿಗೆ ಬೇಕಾದುದು ಎಣ್ಣೆಯಲ್ಲ, ಪೆಟ್ರೋಲಿನಲ್ಲದ್ದಿದ ಹಲ್ಲುಜ್ಜುವ ಬ್ರಷ್ಷು, ಮತ್ತು ತೊಳೆದು ಒಣಗಿಸುವ ಬಿಸಿಲು. ಆದಕಾರಣ ನನ್ನ ಈ ಕಾರ್ಯಕ್ಕೆ ಪ್ರಶಸ್ತ ಋತು ಹೇಮಂತ.

ಅಚ್ಚುಗಳನ್ನು ಶುದ್ಧಿಮಾಡುವುದು ಬೇರೆಯೇ ಒಂದು ಸುಖ. ನಮ್ಮ ಲಿಪಿಯ ದುಂಡುತನವೇ ಅದಕ್ಕೆ ಕಾರಣ: ಠಕಾರದ ಹೊಟ್ಟೆ, ರಕಾರದ ಕುಣಿಕೆ, ಥಕಾರದ ಒಳಚುಕ್ಕೆಯ ಸುತ್ತಣ ಸಂದು, ಇವೆಲ್ಲ ರಿಬ್ಬನ್ನಿನ ನೂಲೆಳೆ ಮತ್ತು ಮಸಿಯಿಂದ ತುಂಬಿಹೋಗಿ ಕಾಗದದ ಮೇಲೆ ಕುರುಡಾಗಿ ಮೂಡುತ್ತಿರುತ್ತವೆ. ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಬಳ್ಳಿಯ ಸುರುಳಿಯನ್ನು ಬಿಡಿಸುವಾಗ ಉಪಯೋಗಿಸುವ ಚಿಕ್ಕ ಉಳಿಗಳ ಹದವನ್ನು ನೋಡಿಯೇ ನಾನು ಈ ಕೆಲಸಕ್ಕೆ ಬಿದಿರಿನ ಮೊನೆಗಳನ್ನು ಸವರಿಕೊಳ್ಳಲು ಕಲಿತದ್ದು. ಲೋಹದ ಸೂಜಿ ಅಚ್ಚಿನ ಅಂಚನ್ನು ಗಾಯಗೊಳಿಸುವ ಭಯವುಂಟು. ಗೆದ್ದಲು ತಿಂದ ನನ್ನ ರೆಮಿಂಗ್ಟನ್ನಿನ ಮರದ ಪೆಟ್ಟಿಗೆಗೆ ಹೊಸ ಮೂಲೆಗಳನ್ನು ಕೂಡಿಸಿಕೊಟ್ಟವರೂ ಒಬ್ಬ ಗುಡಿಗಾರರೇ. ಅವರು ಬೆಸುಗೆಯ ಗೆರೆಯನ್ನು ಮುಚ್ಚದೆ ಬಿಟ್ಟರು. ಹಳೆಯ ಮರ ಯಾವುದು, ತಾವು ಸೇರಿಸಿದ್ದು ಯಾವುದು ಎಂಬುದು ನೋಡಿದವರಿಗೆ ತಿಳಿಯಬೇಕೆಂಬುದು ಅವರ ಅಭಿಪ್ರಾಯ.

ಇಂಗ್ಲಿಷ್ ಅಕ್ಷರಗಳಿಗಾಗಿ ಹುಟ್ಟಿದ ಈ ಸಂಕುಚಿತ ಕೀಲಿಮಣೆಯಲ್ಲಿ ಕಾಗುಣಿತ, ಒತ್ತಕ್ಷರಗಳ ಸಮೃದ್ಧಿಯನ್ನೆಲ್ಲ ಅಡಗಿಸಲು ಹೊರಟವರ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಅನಂತಸುಬ್ಬರಾಯರ ಹೆಸರು ಶಾಲೆಯ ಪಾಠಗಳಲ್ಲಿ ಇರಬೇಕಾಗಿತ್ತು. ಕನ್ನಡ ಯಂತ್ರದಲ್ಲಿ ಕೆಲವು ಕೀಲಿಗಳನ್ನು ಒತ್ತಿದರೆ ಚಿಹ್ನೆ ಮೂಡುವುದು, ಆದರೆ ಕ್ಯಾರೇಜು ಮುಂದೆ ಸರಿಯದು. ಒತ್ತಕ್ಷರ ತನ್ನ ಒಡೆಯನ ಅಡಿಯಲ್ಲಿಯೇ ನಿಲ್ಲಬೇಕಲ್ಲವೆ? ಬೆರಳಚ್ಚುಗಾರನು ಹೀಗೆ ಒಂದೊಂದು ಅಕ್ಷರವನ್ನೂ ಅಂಗಾಂಗಗಳಿಂದ ಕಟ್ಟುತ್ತ ಹೋಗುತ್ತಾನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಣ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಬರೆದನೆಂದು ಆ ಶಾಸನವೇ ಹೇಳುತ್ತದೆ. ಕವಿಯೂ ಲಿಪಿಕಾರನೂ ಒಬ್ಬನೇ ಆಗಿದ್ದ ಆ ಕಂಬದ ಮುಂದೆ ನಿಂತಾಗ, ಅನ್ಯರ ಮಾತಿಗೆ ಆಜೀವನ ಅಕ್ಷರರೂಪ ಕೊಟ್ಟು ತಮ್ಮ ಹೆಸರನ್ನು ಪತ್ರದ ತುದಿಯ ಬಿಕ್ಕಲಂ ಎಂಬ, ಬರೆದವರ ಸಹಿಯ ಸಾಲಿನಲ್ಲಿ ಮಾತ್ರ ಉಳಿಸಿದ ಜಗುಲಿಯ ಬರಹಗಾರರೂ ಅದೇ ವಂಶದವರೆಂದು ನನಗೆ ತೋರುತ್ತದೆ.

ಆ ಕಾರಣದಿಂದಲೇ, ಸಂಗ್ರಾಹಕರಲ್ಲಿ ಕೆಲವರು ಮಾಡುವಂತೆ, ಯಂತ್ರದ ಮೈಗೆ ಹೊಸ ಬಣ್ಣ ಬಳಿದು ಕೀಲಿಗಳನ್ನು ಬದಲಿಸಿ ಅಂಗಡಿಯ ಕಾಂತಿ ತರುವುದು ನನಗೆ ಒಪ್ಪದು. ಓಡಬೇಕಾದುದು ಓಡಲಿ, ಹೆಬ್ಬೆರಳಿನ ಸವೆತವನ್ನು ಅಳಿಸುವ ಅಧಿಕಾರ ನನಗಿಲ್ಲ. ಕೇವಲ ಗಾಜಿನ ಕಪಾಟಿನಲ್ಲಿಡುವುದಕ್ಕೂ ನನ್ನ ಮನಸ್ಸು ಒಡಂಬಡದು; ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದರಲ್ಲಿಯೂ ಒಂದು ಪತ್ರ ಬರೆದು ಅಂಚೆಗೆ ಹಾಕುತ್ತೇನೆ.

ಈಗ ಮೇಜಿನ ಮೇಲಿರುವುದು ಸೊರಬದ ಆ ವೃದ್ಧರ ಯಂತ್ರವೇ. ಅದರ ತಕಾರದ ಒತ್ತು ಸಾಲಿಗಿಂತ ಕೊಂಚ ಮೇಲೆ ಬೀಳುತ್ತಿರುವುದರಿಂದ ಕಡ್ಡಿಯನ್ನು ಕೂದಲೆಳೆಯಷ್ಟು ಬಾಗಿಸಬೇಕಾಗಿದೆ, ರೋಲರಿನ ರಬ್ಬರನ್ನು ಉಪ್ಪುಕಾಗದದಿಂದ ಉಜ್ಜಬೇಕಾಗಿದೆ, ಶಿವಮೊಗ್ಗದಿಂದ ರಿಬ್ಬನ್ನು ಬರಬೇಕಾಗಿದೆ. ಕಾಲೇಜು ಸೇರಿರುವ ಅವರ ಮೊಮ್ಮಗಳು ಅದರಲ್ಲಿ ಬೆರಳಚ್ಚು ಕಲಿಯಬೇಕೆಂದು ಆಸೆಪಟ್ಟಿದ್ದಾಳೆ. ಸಂಕ್ರಾಂತಿಯ ಹೊತ್ತಿಗೆ ತಂದೊಪ್ಪಿಸುತ್ತೇನೆಂದು ಹೇಳಿ ಕಳುಹಿಸಿದ್ದೇನೆ.