ದುದ್ದದಲ್ಲಿ ಕಂಡ ಒಂದು ಆಟ

ಹಾಸನದಿಂದ ಅರಸೀಕೆರೆಯ ಮಾರ್ಗವನ್ನು ಹಿಡಿದು ಹೊರಟವನು ದುದ್ದವನ್ನು ಸೇರುವ ಮೊದಲು ಕೊರವಂಗಲದ ಬೂಚೇಶ್ವರ ದೇವಾಲಯವನ್ನು ನೋಡದೆ ಮುಂದೆ ಹೋಗಲಾರನು. ಇಮ್ಮಡಿ ವೀರಬಲ್ಲಾಳನು ಪಟ್ಟವನ್ನೇರಿದ 1173ರಲ್ಲಿ ಅವನ ಅಧಿಕಾರಿಯಾದ ಬೂಚಿಯು ಕಟ್ಟಿಸಿದ ಗುಡಿಯದು. ಕಳೆದ ಮಾಘಮಾಸದಲ್ಲಿ ಅಲ್ಲಿಯ ಶಿಲ್ಪಗಳನ್ನು ಎಷ್ಟು ನೋಡಿದರೂ ತೃಪ್ತಿಯಾಗದೆ, ಕಣ್ಣಿಲ್ಲದವನ ಬಾಳು ಬಾಳೇ ಅಲ್ಲವೆಂದು ಮನಸ್ಸಿನಲ್ಲಿಯೇ ಅಂದುಕೊಂಡೆನು. ಆ ಮಾತನ್ನು ಅದೇ ಸಂಜೆ ನುಂಗಬೇಕಾಗುವುದೆಂದು ಆಗ ತಿಳಿದಿರಲಿಲ್ಲ.

ದುದ್ದವು ಹಾಸನ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ತೆಂಗಿನ ತೋಟಗಳೂ ರಾಗಿ, ಆಲೂಗೆಡ್ಡೆಗಳನ್ನು ಬೆಳೆಯುವ ಹೊಲಗಳೂ ಆ ಸೀಮೆಯ ಸಂಪತ್ತು. ಅಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರ ಮನೆಯಿದೆ. ಹೊಸ್ತಿಲನ್ನು ದಾಟುವಾಗಲೇ ಒಳಗಿನಿಂದ ಗುದ್ದಾಟದ ಸದ್ದು ಕೇಳಿ ಗಾಬರಿಗೊಂಡೆನು. ಸ್ನೇಹಿತರು ನಕ್ಕು, “ಹುಡುಗರು ಆಡುತ್ತಿದ್ದಾರೆ, ಬನ್ನಿ” ಎಂದರು.

ನಡುಮನೆಯಲ್ಲಿ ಅವರ ಮೊಮ್ಮಕ್ಕಳಿಬ್ಬರು ಗಣಕಯಂತ್ರದ ಮುಂದೆ ಕುಳಿತು ವಿಡಿಯೋ ಆಟದಲ್ಲಿ ಮಗ್ನರಾಗಿದ್ದರು. ಅಣ್ಣನು ಹುಟ್ಟುಗುರುಡ, ತಂಗಿಯು ಕಣ್ಣುಳ್ಳವಳು. ತೆರೆಯ ಮೇಲೆ ಇಬ್ಬರು ಜಟ್ಟಿಗಳು ಸೆಣಸುತ್ತಿದ್ದರು. ಅಣ್ಣನ ಮುಖವು ಮಾತ್ರ ತೆರೆಯ ಕಡೆಗಿರದೆ ಕಿಟಕಿಯ ಕಡೆಗಿದ್ದಿತು.

“ಕಾಣದೆ ಹೇಗಪ್ಪಾ ಆಡುತ್ತೀಯೆ?” ಎಂದು ಕೇಳಿದೆನು. ಅವನು ಸಾವಧಾನವಾಗಿ ವಿವರಿಸಿದನು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 2023ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 6’ ಎಂಬ ಈ ಆಟದಲ್ಲಿ, ಎದುರಾಳಿಯು ಎಷ್ಟು ದೂರದಲ್ಲಿರುವನೆಂಬುದನ್ನೂ, ಬಿದ್ದ ಪೆಟ್ಟು ಮೇಲಿನದೋ ಕೆಳಗಿನದೋ ಎಂಬುದನ್ನೂ ತಿಳಿಸುವ ಬೇರೆ ಬೇರೆ ಧ್ವನಿಗಳುಂಟು. ಬೇಕಾದವರು ಅವನ್ನು ಅಳವಡಿಸಿಕೊಳ್ಳಬಹುದು. ನಿಯಮವು ಇಬ್ಬರಿಗೂ ಒಂದೇ. ಸುದ್ದಿ ಬರುವ ದಾರಿ ಮಾತ್ರ ಬೇರೆ.

ಅಣ್ಣನು ಎರಡು ಪಂದ್ಯಗಳನ್ನು ಸೋತನು. ಅತಿಥಿಯ ಮುಂದೆ ಅವನಿಗೆ ಅವಮಾನವಾಗಬಾರದೆಂದೋ ಏನೋ, ಮೂರನೆಯದರಲ್ಲಿ ತಂಗಿಯು ಮೆಲ್ಲನೆ ಕೈಬಿಟ್ಟಳು. ನಾನೂ ಮೆಚ್ಚಿ ತಲೆದೂಗಿದೆನು. ಕೂಡಲೇ ಅವನು ಆಟವನ್ನು ನಿಲ್ಲಿಸಿ, “ನಿನ್ನವನ ಹೆಜ್ಜೆಯ ಸದ್ದೇ ಇಲ್ಲ. ಕೈಕಟ್ಟಿ ಕುಳಿತೆಯಾ? ಹಾಗಾದರೆ ಒಬ್ಬಳೇ ಆಡಿಕೊ” ಎಂದನು. ಅವಳು ನಾಚಿ, ಮನಸ್ಸಿಟ್ಟು ಆಡಿದಳು. ಅವನು ಮತ್ತೊಮ್ಮೆ ಸೋತನು, ಸೋತು, “ಇದು ಸರಿಯಾದ ಸೋಲು!” ಎಂದು ಗಟ್ಟಿಯಾಗಿ ನಕ್ಕನು.

ಆ ನಗು ನನ್ನ ಎದೆಗೆ ನಾಟಿತು. ನಾನು ಉಪಾಧ್ಯಾಯನಾಗಿದ್ದಾಗ ದೃಷ್ಟಿಹೀನನಾದ ವಿದ್ಯಾರ್ಥಿಯೊಬ್ಬನನ್ನು ಆಟದ ವೇಳೆಯಲ್ಲಿ ಮರದ ನೆರಳಿನಲ್ಲಿ ಕೂರಿಸಿ ಸುಭಾಷಿತಗಳನ್ನು ಹೇಳಿಕೊಡುತ್ತಿದ್ದೆನು. ಅದನ್ನೇ ದಯೆಯೆಂದು ನಂಬಿದ್ದೆನು. ಮೈದಾನದ ಕೂಗು ಕೇಳಿದಾಗಲೆಲ್ಲ ಅವನ ಮುಖವು ಅತ್ತ ತಿರುಗುತ್ತಿದ್ದುದನ್ನು ಕಂಡೂ ಕಾಣದವನಾಗಿದ್ದೆನು. ಆ ಹೊತ್ತಿನಲ್ಲಿ ಕುರುಡನು ಯಾರು?

ಮಹಾಭಾರತದ ದ್ಯೂತಸಭೆಯಲ್ಲಿ ಧೃತರಾಷ್ಟ್ರನು, ಗೆಲುವಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತ ಕುಳಿತನು. ಅವನಿಗೆ ಪ್ರಜ್ಞಾಚಕ್ಷುವೆಂಬ ಘನವಾದ ಹೆಸರಿದ್ದಿತು. ಆಟದಲ್ಲಿ ಆದುದನ್ನು ಮಾತ್ರ ಪರರ ಬಾಯಿಂದಲೇ ತಿಳಿಯಬೇಕಾಗಿದ್ದಿತು. ದುದ್ದದ ಹುಡುಗನು ಯಾರನ್ನೂ ಕೇಳಲಿಲ್ಲ. ತನ್ನ ಗೆಲವು ಹುಸಿಯೆಂಬುದನ್ನು ತಾನೇ ಅರಿತನು.

ಇದು ಯಂತ್ರವೊಂದರಿಂದಲೇ ಆಗುವ ಕೆಲಸವೂ ಅಲ್ಲ. ಚದುರಂಗದಲ್ಲಿ ಅಂಧರು ಕಪ್ಪು ಮನೆಗಳು ಉಬ್ಬಿರುವ, ಕಾಯಿಗಳನ್ನು ಸಿಕ್ಕಿಸಲು ರಂಧ್ರಗಳುಳ್ಳ ಮಣೆಯನ್ನು ಬೆರಳಿನಿಂದ ತಡವಿ, ತಮ್ಮ ನಡೆಯನ್ನು ಬಾಯಿಬಿಟ್ಟು ಹೇಳಿ, ಕಣ್ಣುಳ್ಳವರೊಡನೆ ಸರಿಸಮವಾಗಿ ಆಡುವರು. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರು 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಚದುರಂಗದಲ್ಲಿ ಚಿನ್ನದ ಪದಕವನ್ನು ಗಳಿಸಿದರು. ಬೇಕಾದುದು ಕನಿಕರವಲ್ಲ, ಕೈಗೋ ಕಿವಿಗೋ ಎಟಕುವ ಒಂದು ದಾರಿ, ಮತ್ತು ಮನಸ್ಸಿಟ್ಟು ಆಡುವ ಎದುರಾಳಿ.

ಹೊರಡುವ ಮುನ್ನ ಹುಡುಗನು, “ಒಂದು ಪಂದ್ಯ ಆಡುವಿರಾ, ಮೇಷ್ಟ್ರೇ?” ಎಂದನು. ನನ್ನ ಎರಡು ಕಣ್ಣುಗಳೂ ಚೆನ್ನಾಗಿದ್ದುವು. ಆದರೂ ಅರ್ಧ ನಿಮಿಷದಲ್ಲಿ ನೆಲಕ್ಕುರುಳಿದೆನು. ಅವನು ನನಗೆ ಒಂದಿಷ್ಟೂ ಕನಿಕರ ತೋರಲಿಲ್ಲ. ಹಾಸನಕ್ಕೆ ಹಿಂತಿರುಗುವ ದಾರಿಯುದ್ದಕ್ಕೂ ಅದೇ ನನಗೆ ಸಂತೋಷವಾಗಿದ್ದಿತು.