ಟಗರಿನ ಮುಂದೆ ನಿಂತ ಮೇಷ್ಟ್ರು

ಮೂವತ್ತನಾಲ್ಕು ವರ್ಷಗಳ ಕಾಲ ಸಮಾಜ ವಿಜ್ಞಾನವನ್ನು ಬೋಧಿಸಿದ ನಾನು ಆಸ್ಟ್ರೇಲಿಯಾವನ್ನು ಕಂಡಿದ್ದುದು ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಮಾತ್ರ. ಕೋಲಿನಿಂದ ಆ ಖಂಡವನ್ನು ತೋರಿಸಿ, "ಇಲ್ಲಿಯ ಮುಖ್ಯ ಉತ್ಪನ್ನ ಯಾವುದು?" ಎಂದು ಕೇಳಿದೊಡನೆ ಇಡೀ ತರಗತಿ "ಮೆರಿನೋ ಉಣ್ಣೆ ಸಾರ್!" ಎಂದು ಕೂಗುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ನಿವೃತ್ತನಾಗಿ ಬಹುಕಾಲದ ಮೇಲೆ ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗುವ ಯೋಗ ಒದಗಿತು. ಅಲ್ಲಿಂದ ಮೆಲ್ಬರ್ನ್ ನೋಡಲು ಹೊರಟಾಗ ವಿಮಾನವೇ ಸುಲಭವೆಂದು ನಾನು ಭಾವಿಸಿದ್ದೆ. ಅಳಿಯಂದಿರು ಒಪ್ಪಲಿಲ್ಲ. "ಮಾವ, ಕಾರಿನಲ್ಲೇ ಹೋಗೋಣ. ದಾರಿಯಲ್ಲಿ ನಿಮಗೆ ತೋರಿಸೋದು ಕೆಲವು ಇವೆ" ಎಂದರು. ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿಲೋಮೀಟರುಗಳ ಪಯಣ.

ಮೊದಲು ಸಿಕ್ಕಿದ್ದು ಗೋಲ್‌ಬರ್ನ್ ಎಂಬ ಊರು. ಕಾರು ನಿಲ್ಲಿಸಿದೊಡನೆ ನಾನು ಕತ್ತೆತ್ತಿ ನೋಡಬೇಕಾಯಿತು. ಹದಿನೈದು ಮೀಟರು ಎತ್ತರದ, ಕಾಂಕ್ರೀಟಿನ ಮೆರಿನೋ ಟಗರು! ಕೊಂಬುಗಳು ಸುರುಳಿ ಸುತ್ತಿವೆ. ಕೊರಳ ಚರ್ಮ ಮಡಿಕೆ ಮಡಿಕೆಯಾಗಿ ಇಳಿಬಿದ್ದಿದೆ. ಹೊಟ್ಟೆಯೊಳಗೆ ಉಣ್ಣೆಯ ಸಾಮಾನುಗಳ ಅಂಗಡಿ. 1985ರಲ್ಲಿ ಕಟ್ಟಿದ ಇದನ್ನು ಜನ 'ರ್‍ಯಾಂಬೋ' ಎಂದು ಮುದ್ದಿನಿಂದ ಕರೆಯುತ್ತಾರೆ. 1992ರಲ್ಲಿ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವ ಬೈಪಾಸ್ ಆಯಿತು. ಟಗರನ್ನು ನೋಡಲು ಬರುವವರು ಕಡಿಮೆಯಾದರು. ಕೊನೆಗೆ 2007ರಲ್ಲಿ ಆ ಬೃಹತ್ ಪ್ರಾಣಿಯನ್ನೇ ಹೊತ್ತು ತಂದು ಹೊಸ ರಸ್ತೆಯ ಸಮೀಪ ನಿಲ್ಲಿಸಿದರಂತೆ. ಕುರಿಯ ಹಿಂದೆ ಮನುಷ್ಯ ಹೋಗುವುದನ್ನು ಕಂಡಿದ್ದೇನೆ. ರಸ್ತೆಯ ಹಿಂದೆ ಕುರಿ ಹೋದದ್ದನ್ನು ಕೇಳಿದ್ದು ಅದೇ ಮೊದಲು.

ಮಗಳು ಮೊಮ್ಮಗಳು ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿರುವಾಗಲೇ ಒಂದು ನೆನಪು ಬಂದು ನಗು ಅರ್ಧಕ್ಕೆ ನಿಂತಿತು.

ಎಂಟನೆಯ ತರಗತಿಯ ಕಿರುಪರೀಕ್ಷೆ. ಆಸ್ಟ್ರೇಲಿಯಾದ ನಕ್ಷೆ ಬರೆದು ಉತ್ಪನ್ನಗಳನ್ನು ಗುರುತಿಸಲು ಹೇಳಿದ್ದೆ. ಒಬ್ಬ ಹುಡುಗ ಪರ್ತ್‌ನಿಂದ ಸಿಡ್ನಿಯವರೆಗೆ ವ್ಯಾಪಿಸಿದ ಒಂದೇ ಒಂದು ಕುರಿಯನ್ನು ಬರೆದಿದ್ದ. ಅದರ ಕಿವಿ, ಕೊಂಬು, ಗೊರಸು ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ನಾನು ಆ ಹಾಳೆಯನ್ನು ತರಗತಿಗೆಲ್ಲ ಎತ್ತಿ ತೋರಿಸಿ, "ಏನಯ್ಯಾ, ಇದು ದೇಶವೋ ಕುರಿದೊಡ್ಡಿಯೋ?" ಎಂದು ಕೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಸೊನ್ನೆ ಅಂಕ ಕೊಟ್ಟೆ. ಅವನ ಮನೆಯವರು ಕುರಿ ಕಾಯುವವರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು. ನಾನು ವಿಚಾರಿಸಲಿಲ್ಲ.

ಮತ್ತೆ ಕಾರು ಹೊರಟಿತು. ಗಂಡಗಾಯ್ ಎಂಬ ಊರಿನ ಸಮೀಪ ಬುತ್ತಿಯ ಪೆಟ್ಟಿಗೆಯ ಮೇಲೆ ಕುಳಿತ ಕಂಚಿನ ನಾಯಿಯೊಂದನ್ನು ತೋರಿಸಿದರು. ಎತ್ತಿನ ಗಾಡಿ ಹೊಡೆಯುವವನ ಬುತ್ತಿಯನ್ನು ಕಾಯ್ದ ನಾಯಿಯ ಕಥೆ ಅಲ್ಲಿ ಮನೆಮಾತು. 1932ರಲ್ಲಿ ಅದನ್ನು ಅನಾವರಣಗೊಳಿಸಿದವರು ಅಂದಿನ ಪ್ರಧಾನಿ ಜೋಸೆಫ್ ಲಯನ್ಸ್. ಗಾಡಿಯವನ ನಾಯಿಗೆ ದೇಶದ ಪ್ರಧಾನಿ!

ಆಮೇಲೆ ಬಂದದ್ದು ಹೋಲ್‌ಬ್ರುಕ್. ಕಡಲು ನೂರಾರು ಕಿಲೋಮೀಟರು ದೂರ; ಊರಿನ ಹುಲ್ಲುಹಾಸಿನ ಮೇಲೆ ತೊಂಬತ್ತು ಮೀಟರು ಉದ್ದದ ಜಲಾಂತರ್ಗಾಮಿ! ಈ ಊರಿನ ಹಳೆಯ ಹೆಸರು ಜರ್ಮನ್‌ಟನ್. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾದಾಗ ಆ ಹೆಸರು ಹೇಳುವುದೇ ಮುಜುಗರವಾಯಿತು. 1914ರ ಡಿಸೆಂಬರಿನಲ್ಲಿ ನಾರ್ಮನ್ ಹೋಲ್‌ಬ್ರುಕ್ ಎಂಬ ಬ್ರಿಟಿಷ್ ಅಧಿಕಾರಿ ಬಿ-11 ಎಂಬ ಜಲಾಂತರ್ಗಾಮಿಯಲ್ಲಿ ಸಿಡಿಗುಂಡುಗಳ ಸಾಲಿನಡಿ ನುಸುಳಿ ಟರ್ಕಿಯ ಯುದ್ಧನೌಕೆಯೊಂದನ್ನು ಮುಳುಗಿಸಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ. 1915ರಲ್ಲಿ ಊರು ಅವನ ಹೆಸರನ್ನಿಟ್ಟುಕೊಂಡಿತು. ಎಂಬತ್ತು ವರ್ಷಗಳ ತರುವಾಯ, ನೌಕಾದಳದ ಸೇವೆಯಿಂದ ನಿವೃತ್ತವಾದ ಓಟ್‌ವೇ ಎಂಬ ಜಲಾಂತರ್ಗಾಮಿಯ ಮೇಲ್ಭಾಗವನ್ನು ಊರವರು ತಂದರು. ಹೋಲ್‌ಬ್ರುಕ್‌ನ ಪತ್ನಿ, ಆಗ ವಿಧವೆ, ಅದಕ್ಕಾಗಿ ಒಂದು ಲಕ್ಷ ಡಾಲರ್ ನೀಡಿದರು. 1997ರಲ್ಲಿ ಸ್ಮಾರಕ ತೆರೆಯಿತು. 2013ರಲ್ಲಿ ಈ ಊರಿಗೂ ಬೈಪಾಸ್ ಬಂತು. ಆದರೂ ನಾವು ಹೆದ್ದಾರಿ ಬಿಟ್ಟು ಒಳಗೆ ಹೋದೆವು. ಅಲ್ಲಿ ಚಹಾ ಕುಡಿದೆವು.

ಚಹಾ ಕುಡಿಯುತ್ತ ನನಗೆ ಅನ್ನಿಸಿದ್ದಿಷ್ಟು. ಇವೆಲ್ಲ ವಿಚಿತ್ರವೆಂದು ನಗುವುದು ಸುಲಭ. ಆದರೆ ಸಣ್ಣ ಊರು ತನಗೆ ಅನ್ನ ಕೊಟ್ಟದ್ದನ್ನು, ತನಗೆ ಹೆಸರು ಕೊಟ್ಟದ್ದನ್ನು ದೊಡ್ಡದಾಗಿ ನಿಲ್ಲಿಸಿಕೊಳ್ಳುತ್ತದೆ. ನಕ್ಷೆಯಲ್ಲಿ ಒಂದು ಚುಕ್ಕೆಯಷ್ಟೂ ಕಾಣದವರು ತಮ್ಮ ಅಳತೆಗೋಲನ್ನು ತಾವೇ ಹಿಡಿಯುತ್ತಾರೆ. ಆ ಹುಡುಗನೂ ಅದನ್ನೇ ಮಾಡಿದ್ದ. ಅವನ ಮನೆಯಲ್ಲಿ ಕುರಿ ನಿಜವಾಗಿಯೂ ಅಷ್ಟು ದೊಡ್ಡದಾಗಿತ್ತು. ಅಳತೆ ತಪ್ಪಿದ್ದು ನನ್ನದು.

ಹಿಂತಿರುಗುವಾಗ ಗೋಲ್‌ಬರ್ನ್‌ನ ಟಗರಿನ ಮುಂದೆ ಮಗಳು ನನ್ನದೊಂದು ಫೋಟೋ ತೆಗೆದಳು. ಅದರಲ್ಲಿ ನಾನು ಟಗರಿನ ಗೊರಸಿಗಿಂತ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಆ ತರಗತಿಯಲ್ಲಿ ನಿಮ್ಮಲ್ಲಿ ಕೆಲವರಾದರೂ ಇದ್ದಿರಿ, ನನ್ನೊಡನೆ ನಕ್ಕಿದ್ದಿರಿ. ಅವನು ಎಲ್ಲಿದ್ದಾನೆಂದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಈ ಫೋಟೋವನ್ನು ಅವನಿಗೆ ತಲುಪಿಸಿ. ಮೇಷ್ಟ್ರು ಅವನ ಕುರಿಯನ್ನು ನೋಡಿ ಬಂದರೆಂದೂ, ಸೊನ್ನೆ ಕೊಟ್ಟಿದ್ದಕ್ಕಿಂತ ನಗಿಸಿದ್ದಕ್ಕೆ ಹೆಚ್ಚಾಗಿ ನೊಂದಿದ್ದಾರೆಂದೂ ತಿಳಿಸಿ.