ನೆಲದ ಬಾಯಿ

ಬೀದರಿನ ಹಳೆಯ ಮನೆಗಳ ನಡುವೆ ಒಂದು ಬಯಲು ಜಾಗ ಇರುತ್ತದೆ. ನಾವು ಅದಕ್ಕೆ ಸಹನ್ ಎನ್ನುತ್ತೇವೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಹೈಸ್ಕೂಲಿಗೆ ಸೇರಿದ ನಮಗೆ ಅಲ್ಲಿ ಸಿಕ್ಕ 'ಅಂಗಳ' ಎಂಬ ಪದ ಸಹನ್‌ಗೆ ಸರಿಯಾಗಿ ಹೊಂದಲಿಲ್ಲ. ಪಾಠದಲ್ಲಿ ಬರುತ್ತಿದ್ದ ಅಂಗಳ ಮನೆಯ ಮುಂದಿನದು, ರಂಗೋಲಿ ಹಾಕುವಂಥದು. ಸಹನ್ ಮನೆಯ ಹೊಟ್ಟೆಯೊಳಗಿನದು. ಮಳೆ, ಬಿಸಿಲು, ಬೆಳದಿಂಗಳು, ಗುಬ್ಬಿ ಎಲ್ಲವೂ ನಮ್ಮ ಮನೆಯೊಳಗೆ ಬರುತ್ತಿದ್ದುದು ಅಲ್ಲಿಂದಲೇ.

ನಮ್ಮ ಸಹನ್‌ನಲ್ಲಿ ಒಂದು ಬಾವಿ, ಒಂದು ದೊಡ್ಡ ಬೇವಿನ ಮರ, ಒಂದು ದಾಳಿಂಬೆ ಗಿಡ ಇದ್ದವು. ನೆಲ ಕೆಂಪು ಗರಸಿನದು. ಅಮ್ಮಿ ಐದು ಹೊತ್ತೂ ದಾಳಿಂಬೆಯ ಪಕ್ಕದ ಕಲ್ಲಿನ ಮೇಲೆ ಕುಳಿತು ವಜೂ ಮಾಡುತ್ತಿದ್ದರು. ಮುಖ ತೊಳೆದ ನೀರು, ಕಾಲು ತೊಳೆದ ನೀರು ಎಲ್ಲವೂ ಗಿಡದ ಬುಡಕ್ಕೆ. ಬೇರೆಯಾಗಿ ನೀರು ಹಾಕಿದ್ದನ್ನು ನಾವು ನೋಡಿದ ನೆನಪಿಲ್ಲ. ರಮಜಾನಿನಲ್ಲಿ ಇಫ್ತಾರಿಗೆ ಆ ಗಿಡದ ಹಣ್ಣು ಇದ್ದರೆ, "ಇದು ನನ್ನ ನಮಾಜಿನ ಕೂಲಿ" ಎಂದು ನಗುತ್ತಿದ್ದರು.

2008ರಲ್ಲಿ ತಂಗಿಯ ಮದುವೆ ಬಂತು. ಬೀಗರ ಕಡೆಯ ಜನ ಹೆಚ್ಚು, ಮಳೆಗಾಲ ಬೇರೆ. ಕೆಸರಿನಲ್ಲಿ ದಸ್ತರ್‌ಖಾನ್ ಹಾಸುವುದು ಹೇಗೆ? ಗೌಂಡಿಯನ್ನು ಕರೆಸಿ ಸಹನ್‌ಗೆ ಗೋಡೆಯಿಂದ ಗೋಡೆಗೆ ಸಿಮೆಂಟ್ ಹಾಕಿಸಿದೆವು. ಬೇವಿನ ಬೇರು ನಾಳೆ ಸಿಮೆಂಟನ್ನು ಎಬ್ಬಿಸುತ್ತದೆ ಎಂದು ಗೌಂಡಿ ಹೇಳಿದ. ಮರವನ್ನೂ ಕಡಿಸಿದೆವು. ಈಗ ಇದನ್ನು ಗೌಂಡಿಯ ಮೇಲೋ ತಮ್ಮನ ಮೇಲೋ ಹಾಕಬಹುದು, ಆದರೆ "ಕಡಿ" ಎಂದವರು ನಾವೇ. ಅಮ್ಮಿ ಬಾಗಿಲಲ್ಲಿ ನಿಂತು ನೋಡಿ ಒಂದೇ ಮಾತು ಕೇಳಿದರು: "ಜಮೀನ್ ಕಾ ಮೂಂ ಬಂದ್ ಕರ್‌ರೈಂ ಕ್ಯಾ ರೇ?" ನೆಲದ ಬಾಯಿ ಮುಚ್ಚುತ್ತಿದ್ದೀರೇನೋ, ಎಂದು. ನಾವು ಕಥೆ ಬರೆಯುವವರು, ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲಿ ಬಳಸಲಿ ಎಂದು ಯೋಚಿಸುತ್ತೇವೆ. ಅರ್ಥದ ಕಡೆಗೆ ಗಮನ ಹೋಗಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಮುಂದಿನ ಬೇಸಿಗೆಯಿಂದ ಸಹನ್‌ನಲ್ಲಿ ಬರಿಗಾಲಿನಲ್ಲಿ ನಡೆಯುವುದು ಆಗಲಿಲ್ಲ. ರಾತ್ರಿ ಹತ್ತಾದರೂ ನೆಲ ಕಾವಲಿಯಂತೆ ಕಾದಿರುತ್ತಿತ್ತು. ಮಳೆ ಬಂದರೆ ನೀರೆಲ್ಲ ಬಾಗಿಲ ಸಂದಿಯಿಂದ ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಕೆಲವು ವರ್ಷಗಳಲ್ಲಿ ಬಾವಿ ಬತ್ತಿತು. ಬೋರು ಹಾಕಿಸಿದೆವು, ಓಣಿಯಲ್ಲಿ ಎಲ್ಲರೂ ಹಾಕಿಸಿದ್ದರು. 2016ರ ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು. ಪಕ್ಕದ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತಂದ ವರ್ಷ ಅದು. ನಾವು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದೆವು. ಅಮ್ಮಿ ಒಂದು ಬದ್ನಾ ನೀರಿನಲ್ಲಿ ಎರಡು ಹೊತ್ತಿನ ವಜೂ ಮುಗಿಸಲು ಕಲಿತರು. ದಾಳಿಂಬೆ ಆ ವರ್ಷ ಒಣಗಿತು.

ಆ ಬೇಸಿಗೆಯಲ್ಲೇ ಒಂದು ದಿನ ಗೆಳೆಯರೊಬ್ಬರ ಜೊತೆ ನೌಬಾದಿಗೆ ಹೋಗಿದ್ದೆವು. ಅಲ್ಲಿನ ಸುರಂಗ ಬಾವಿಯ ಹೂಳನ್ನು ಅದಕ್ಕೂ ಹಿಂದಿನ ಒಂದೆರಡು ವರ್ಷಗಳಲ್ಲಿ ತೆಗೆದಿದ್ದರು. ಕರೇಜ್ ಎಂದು ಇದರ ಹೆಸರು. ಬಹಮನಿಗಳು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಹದಿನೈದನೆಯ ಶತಮಾನದ ಕೆಲಸ ಎನ್ನುತ್ತಾರೆ. ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಅದಕ್ಕೆ ಗಾಳಿ ಬೆಳಕು ಬರಲು, ಹೂಳು ತೆಗೆಯಲು ಮೇಲಿನಿಂದ ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು ಬಾವಿಗಳು. ಊರಲ್ಲಿ ಇಂಥವು ಇನ್ನೂ ಇವೆ, ಶುಕ್ಲತೀರ್ಥದ್ದು, ಜಮ್ನಾ ಮೋರಿಯದು. ಚಿಕ್ಕಂದಿನಲ್ಲಿ ನಮಗೆ ಅವು ಕೋಟೆಯ ಗುಪ್ತದಾರಿಗಳು ಎಂದು ಹೇಳಿದ್ದರು, ನಾವೂ ನಂಬಿ ಒಂದು ಕಥೆಯಲ್ಲಿ ಬರೆದುಬಿಟ್ಟಿದ್ದೆವು. ಕೇರಳದಿಂದ ಬಂದ ಭೂಗೋಳದ ಅಧ್ಯಾಪಕ ವಲಿಯಿಲ್ ಗೋವಿಂದನ್‌ಕುಟ್ಟಿ ಈ ಸುರಂಗಗಳ ಜಾಡು ಹಿಡಿದು ನಕ್ಷೆ ಮಾಡಿದವರು. ನಮ್ಮೂರಿನ ನೆಲದ ಕೆಳಗೆ ಏನಿದೆ ಎಂಬುದನ್ನು ನಮಗೆ ಹೇಳಲು ಅಷ್ಟು ದೂರದಿಂದ ಒಬ್ಬರು ಬರಬೇಕಾಯಿತು.

ಇಣುಕಿದಾಗ ಕೆಳಗೆ ನೀರಿತ್ತು. ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದ ತಿಂಗಳಲ್ಲಿ.

ಇದರ ಗುಟ್ಟು ಬೀದರಿನ ಕಲ್ಲಿನಲ್ಲಿದೆ. ನಮ್ಮೂರು ನಿಂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಮೈಯೆಲ್ಲ ತೂತಿರುವ ಕೆಂಪು ಕಲ್ಲು ಅದು. ಮಳೆನೀರನ್ನು ಅದು ಹೀರಿಕೊಳ್ಳುತ್ತದೆ. ಅದರ ಕೆಳಗಿರುವ ಕರಿಕಲ್ಲು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಎರಡೂ ಕಲ್ಲುಗಳು ಕೂಡುವಲ್ಲಿ ನೀರು ನಿಂತು, ಪಕ್ಕಕ್ಕೆ ಸರಿದು, ಎತ್ತರದ ನೆಲ ಮುಗಿಯುವ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದಲ್ಲಿ ಸಿಖ್ಖರು ತಲೆಗೆ ಮುಟ್ಟಿಸಿಕೊಳ್ಳುವ ನೀರು, ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟ ನಡೆದು ಹೋಗುವ ನೀರು, ನೌಬಾದಿನ ಸುರಂಗದ ನೀರು, ಎಲ್ಲವೂ ಒಂದೇ ಕೆಂಪು ಕಲ್ಲು ಸೋಸಿ ಕೊಟ್ಟದ್ದು. ಕರೇಜ್ ಕಟ್ಟಿದವರು ನೀರನ್ನು ಹುಟ್ಟಿಸಲಿಲ್ಲ. ಅದು ಹೋಗುವ ದಾರಿಯನ್ನು ಓದಿ, ಅದಕ್ಕಿಷ್ಟು ಇಳಿಜಾರು ಕೊಟ್ಟು, ಅದು ಹೊರಬರುವಲ್ಲಿ ಜನವಸತಿ ಮಾಡಿದರು. ಈ ವಿದ್ಯೆ ಇರಾನಿನದು. ಅಲ್ಲಿನ ಇಂಥ ಕಾಲುವೆಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಅದೇ 2016ರಲ್ಲಿ. ಇರಾನಿನ ಕಿರ್ಮಾನಿನ ಸೂಫಿ ಮನೆತನದ ಖಲೀಲುಲ್ಲಾ ಅವರ ಚೌಖಂಡಿ ಅಷ್ಟೂರಿನ ದಾರಿಯಲ್ಲೇ ಇದೆ. ಕಿರ್ಮಾನ್ ಬರದ ಸೀಮೆ. ಅಲ್ಲಿಯ ಜನ ನೆಲವನ್ನು ಓದಲು ಬಲ್ಲವರಾಗಿದ್ದರೆ ಆಶ್ಚರ್ಯವಿಲ್ಲ.

ಆದರೂ ಮನೆಗೆ ಬಂದು ನಾವೇನೂ ಮಾಡಲಿಲ್ಲ. ಕರೇಜ್ ಕುರಿತು ಒಂದು ಲೇಖನ ಬರೆದು ಸುಮ್ಮನಾದೆವು. ಸಹನ್‌ನ ಸಿಮೆಂಟಿನ ಮೇಲೆಯೇ ಕುರ್ಚಿ ಹಾಕಿಕೊಂಡು ಬರೆದದ್ದು ಅದು.

ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. 2022ರ ಬೇಸಿಗೆ ರಜೆಗೆ ಬಂದವಳು ಒಂದು ಸಂಜೆ ದಾದಿಯ ಬದ್ನಾ ತೆಗೆದುಕೊಂಡು ಸಹನ್‌ನ ಬೇರೆಬೇರೆ ಕಡೆ ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಕುಳಿತಳು. ಏನಿದು ಎಂದರೆ, "ಅಬ್ಬಾ, ಮೊದಲು ನೆಲ ಏನು ಹೇಳ್ತದ ಕೇಳಬೇಕು, ಆಮೇಲೆ ನಾವು ಹೇಳೋದು" ಎಂದಳು. ಇಯಾನ್ ಮೆಕ್‌ಹಾರ್ಗ್ ಎಂಬಾತ 1969ರಲ್ಲೇ 'ಡಿಸೈನ್ ವಿತ್ ನೇಚರ್' ಎಂಬ ಪುಸ್ತಕದಲ್ಲಿ ಈ ರೀತಿಯನ್ನು ವಿವರಿಸಿದ್ದಾನಂತೆ. ಕಲ್ಲು, ನೀರು, ಮಣ್ಣು, ಗಿಡ, ಪ್ರಾಣಿ ಎಂದು ಒಂದರ ಮೇಲೊಂದು ನಕ್ಷೆ ಇಟ್ಟು ನೋಡಬೇಕು, ಎಲ್ಲಿ ಕಟ್ಟಬಾರದು ಎಂಬುದು ಆಗ ತಾನಾಗಿ ಕಾಣುತ್ತದೆ. ಅಮ್ಮಿ ಮಂಚದ ಮೇಲಿಂದ ಇದನ್ನೆಲ್ಲ ಕೇಳಿಸಿಕೊಂಡು, "ನಾನು ಹೇಳಿದಾಗ ಯಾರೂ ಕೇಳಲಿಲ್ಲ, ಅಂಗ್ರೇಜ ಹೇಳಿದರೆ ಕೇಳ್ತೀರಿ" ಎಂದರು.

ಲೆಕ್ಕವನ್ನೂ ಮಗಳೇ ಮಾಡಿದಳು. ನಮ್ಮ ಮಾಳಿಗೆ ಸುಮಾರು 1,000 ಚದರ ಅಡಿ, ಅಂದರೆ 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 850 ಮಿಲಿಮೀಟರ್ ಬಂತು ಎಂದುಕೊಂಡರೆ 79,000 ಲೀಟರ್. ಅದನ್ನು ನಾವು ಹದಿನಾಲ್ಕು ವರ್ಷ ಚರಂಡಿಗೆ ಬಿಟ್ಟು, ಟ್ಯಾಂಕರಿನವನಿಗೆ ಹಣ ಕೊಟ್ಟಿದ್ದೆವು. ನಾವು ಸಿಮೆಂಟ್ ಒಡೆಸುವ ಮಾತು ತೆಗೆದೆವು.

ತಮ್ಮ ಒಪ್ಪಲಿಲ್ಲ. ಮನೆ ಇಬ್ಬರದೂ. "ಭಾಯಿಜಾನ್, ಕಾರು ಎಲ್ಲಿ ನಿಲ್ಲಿಸಲಿ? ನಿಮಗೇನು, ಕಥೆ ಬರೀತೀರಿ. ಸಾಲ ಮಾಡಿ ತಂದ ಗಾಡಿ ನಂದು" ಎಂದ. ಸುಳ್ಳಲ್ಲ. ಮೂರು ದಿನ ಅಣ್ಣತಮ್ಮಂದಿರು ಬೇರೆಬೇರೆ ಹೊತ್ತಿಗೆ ಊಟ ಮಾಡಿದೆವು. ಕೊನೆಗೆ ಮಗಳು ಚಿಕ್ಕಪ್ಪನ ಪಕ್ಕ ಕುಳಿತು ಕಾರಿನ ನಾಲ್ಕು ಗಾಲಿಗಳು ಎಷ್ಟು ಜಾಗ ತುಳಿಯುತ್ತವೆ ಎಂದು ಅಳೆದು ತೋರಿಸಿದಳು. ಗಾಲಿ ಹೋಗುವ ಎರಡು ಪಟ್ಟಿ ಸಾಕು. ಉಳಿದ ನೆಲಕ್ಕೆ ಸಿಮೆಂಟ್ ಯಾಕೆ?

ಹಾಗಾಗಿ ಎರಡು ಪಟ್ಟಿ ಉಳಿಸಿ ಮಿಕ್ಕಿದ್ದನ್ನು ಒಡೆಸಿದೆವು. ನಡೆದಾಡುವಲ್ಲಿ ಶಹಾಬಾದಿ ಪರಸಿಯನ್ನು ಮರಳಿನ ಮೇಲೆ, ಸಂದಿ ಬಿಟ್ಟು ಹಾಸಿದ್ದಾಯಿತು. ಆ ಸಂದಿಗಳಲ್ಲಿ ಈಗ ಹುಲ್ಲು ಬಂದಿದೆ. ತಗ್ಗಿನ ಮೂಲೆಯಲ್ಲಿ ಮೊಣಕಾಲುದ್ದದ ಗುಂಡಿ, ಮಾಳಿಗೆಯ ನೀರು ಜಲ್ಲಿ ಮರಳು ದಾಟಿ ಅಲ್ಲಿಗೆ ಇಳಿಯುತ್ತದೆ. ಸೊಳ್ಳೆಯ ಭಯವಿತ್ತು. ಗರಸು ಬೇಗ ಹೀರಿಕೊಳ್ಳುವುದರಿಂದ ನೀರು ಒಂದು ದಿನವೂ ನಿಲ್ಲುವುದಿಲ್ಲ. ವಜೂವಿನ ನೀರಿಗೆ ಸಾಬೂನು ಇಲ್ಲ, ಅದಕ್ಕೊಂದು ಸಣ್ಣ ಕಾಲುವೆ ಮಾಡಿ ಹೊಸ ದಾಳಿಂಬೆಗೆ, ಕರಿಬೇವಿಗೆ ಬಿಟ್ಟಿದ್ದೇವೆ. ಅಮ್ಮಿಗೆ ಈಗ ಮೊಣಕಾಲು ಬಗ್ಗುವುದಿಲ್ಲ, ಕುರ್ಚಿಯ ಮೇಲೆ ಕುಳಿತು ವಜೂ ಮಾಡುತ್ತಾರೆ. ಕಾಲುವೆಯನ್ನು ಆ ಕುರ್ಚಿಯವರೆಗೆ ತಂದದ್ದು ತಮ್ಮ, ನಾವಲ್ಲ. ಕಡಿಸಿದ ಬೇವಿನ ಜಾಗದಲ್ಲಿ ಇನ್ನೊಂದು ಬೇವು ನೆಟ್ಟಿದ್ದೇವೆ. ಮಾಳಿಗೆಯ ಎತ್ತರಕ್ಕೆ ಬಂದಿದೆ. ಮೊದಲಿನದರ ನೆರಳಿಗೆ ಇನ್ನು ಎಷ್ಟು ವರ್ಷ ಎಂದು ಅಮ್ಮಿ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಬಾವಿ ತುಂಬಿತೇ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ತಳದಲ್ಲಿ ನೀರು ಕಾಣುತ್ತದೆ, ಮಾಘದ ಹೊತ್ತಿಗೆ ಹೋಗುತ್ತದೆ. ಒಂದು ಮನೆಯ ಸಹನ್‌ನಿಂದ ಓಣಿಯ ಬಾವಿ ತುಂಬುವುದಿಲ್ಲ, ನಾವು ಇಳಿಸಿದ ನೀರು ಯಾರ ಬೋರಿಗೆ ಹೋಗುತ್ತದೋ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಊರ ಸುತ್ತ ನೀರು ಇಂಗುವ ಬಯಲುಗಳಲ್ಲೇ ಹೊಸ ಬಡಾವಣೆಗಳು ಏಳುತ್ತಿವೆ. ಪಕ್ಕದ ಮನೆಯವರು ನಮ್ಮ ಪರಸಿ ನೋಡಿ ಹೋದರು, ತಮ್ಮ ಮನೆಗೆ ಟೈಲ್ಸ್ ಹಾಕಿಸಿದರು.

ಬೇವಿಗೆ ಪಿಕಳಾರಗಳು ಬರುತ್ತಿವೆ. ತಮ್ಮನ ಕಾರಿನ ಮೇಲೆ ದಿನವೂ ಹಿಕ್ಕೆ. ಮೊನ್ನೆ ಬೆಳಿಗ್ಗೆ ಅವನು ಗೊಣಗುತ್ತ ಬಕೆಟ್ ಹಿಡಿದು ಹೊರಟಾಗ ಅಮ್ಮಿ ಕುರ್ಚಿಯಿಂದಲೇ ಕೂಗಿದರು: "ತೊಳೆಯೋದಿದ್ದರೆ ಗಾಡಿ ಗುಂಡಿ ಕಡೆ ಹಚ್ಚು. ಸಾಬೂನು ಬ್ಯಾಡ." ತಮ್ಮ ಏನೂ ಅನ್ನದೆ ಕಾರನ್ನು ಎರಡು ಮಾರು ಹಿಂದಕ್ಕೆ ತಂದ.